ಬ್ರೇಕ್ ಬದಲಿಸಿದ ಭಾನುವಾರ

ಪುಣೆಯಲ್ಲಿರುವ ನಮ್ಮಂಥ ಉತ್ತರ ಕರ್ನಾಟಕದವರಿಗೆ ಊರಿನ ದಾರಿ ಎಂದರೆ ಎನ್‌ಎಚ್ 48. ಖಂಬಾಟ್ಕಿ ಘಾಟ್ ಹತ್ತಿ, ಸಾತಾರಾ, ಕರಾಡ, ಕೊಲ್ಹಾಪುರ ದಾಟಿ, ನಿಪ್ಪಾಣಿಯಲ್ಲಿ ಕನ್ನಡ ಬೋರ್ಡ್ ಕಂಡಾಗ ಒಂದು ನಿಟ್ಟುಸಿರು. ಧಾರವಾಡ ಮುಟ್ಟುವಷ್ಟರಲ್ಲಿ ನಾನೂರು ಕಿಲೋಮೀಟರ್ ಮೇಲಾಗಿರುತ್ತದೆ. ವಾಪಸು ಬರುವಾಗ ಕೊನೆಗೆ ಸಿಗುವುದು ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯತ್ತ ಇಳಿಯುವ ಉದ್ದನೆಯ ಇಳಿಜಾರು. 2022ರ ನವೆಂಬರ್‌ನಲ್ಲಿ ಭಾರಿ ವಾಹನವೊಂದು ಹತ್ತಾರು ವಾಹನಗಳಿಗೆ ಗುದ್ದಿದ್ದು ಇದೇ ಜಾಗದಲ್ಲಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವುದು, ಆಮೇಲೆ ಬ್ರೇಕ್ ಹಿಡಿಯದೇ ಹೋಗುವುದು, ಇಲ್ಲಿನ ಅಪಘಾತಗಳ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಮಾತು. ಆದ್ದರಿಂದ ಈ ತಿಂಗಳು ಬ್ರೇಕ್ ಬಗ್ಗೆಯೇ ಬರೆಯುತ್ತೇನೆ.

ನಮ್ಮದು ಎಂಟು ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್, ಓಡಿದ್ದು 62 ಸಾವಿರ ಕಿಲೋಮೀಟರ್. ದಸರೆಗೆ ಊರಿಗೆ ಹೋಗುವ ಮೂರು ವಾರ ಮೊದಲು, ಬ್ರೇಕ್ ಒತ್ತಿದಾಗ ಪೆಡಲ್ ಕಾಲಿನಡಿ ಸಣ್ಣಗೆ ನಡುಗತೊಡಗಿತು. ಅದಕ್ಕೂ ಎರಡು ತಿಂಗಳ ಹಿಂದೆ ಸರ್ವಿಸ್ ಆಗಿತ್ತು. ಜಾಬ್ ಕಾರ್ಡಿನಲ್ಲಿ 'ಮುಂದಿನ ಬ್ರೇಕ್ ಸರಿಯಿದೆ' ಎಂದು ಟಿಕ್ ಹಾಕಿ ಕೊಟ್ಟಿದ್ದರು. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಹೊರಗಿನ ಪ್ಯಾಡ್ 5 ಮಿಲಿಮೀಟರ್‌ನಷ್ಟು ಕಾಣುತ್ತಿತ್ತು. ಚಕ್ರ ಬಿಚ್ಚಿ ನೋಡಿದಾಗ ಒಳಗಿನ ಪ್ಯಾಡ್ ಉಳಿದಿದ್ದು ಬರೀ 2 ಮಿಲಿಮೀಟರ್. ಹೊಸದಿದ್ದಾಗ ಅದು 10 ಮಿಲಿಮೀಟರ್ ಆಸುಪಾಸು ಇರುತ್ತದೆ. ಟಿಕ್ ಹಾಕಿದವರು ಚಕ್ರ ಬಿಚ್ಚಿರಲಿಲ್ಲ ಎನ್ನುವುದು ಸ್ಪಷ್ಟ.

ಒಳಗಿನದು ಮಾತ್ರ ಯಾಕೆ ಸವೆಯಿತು? ನಮ್ಮ ಸಣ್ಣ ಕಾರುಗಳಲ್ಲಿ ಕ್ಯಾಲಿಪರ್‌ಗೆ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ; ಆಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತಬೇಕು. ಪಿನ್‌ನ ಗ್ರೀಸ್ ಒಣಗಿ ಅದು ಜಾರದೇ ನಿಂತರೆ, ಕೆಲಸವೆಲ್ಲ ಒಳಗಿನ ಪ್ಯಾಡಿನ ತಲೆಗೆ ಬೀಳುತ್ತದೆ. ಆಫೀಸಿನ ಟೀಮಿನಲ್ಲೂ ಇದನ್ನು ನೋಡಿದ್ದೇವಲ್ಲ!

ಇನ್ನು ಡಿಸ್ಕ್. ನನ್ನ ಕಾರಿನದು ಹೊಸದಿದ್ದಾಗ 17 ಮಿಲಿಮೀಟರ್ ದಪ್ಪ. ಕನಿಷ್ಠ 15 ಎಂದು ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅಳೆಯುವಾಗ ಒಂದು ಉಪಾಯ ಬೇಕು. ಡಿಸ್ಕಿನ ಹೊರ ಅಂಚಿಗೆ ಪ್ಯಾಡ್ ತಾಗುವುದಿಲ್ಲ, ಹಾಗಾಗಿ ಅಲ್ಲಿ ಸವೆಯದ ದಂಡೆ ಉಳಿಯುತ್ತದೆ. ವರ್ನಿಯರ್ ಹಿಡಿದರೆ ಅದು ದಂಡೆಯ ದಪ್ಪವನ್ನೇ ತೋರಿಸುತ್ತದೆ. ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆದರೆ ನಿಜವಾದ ಅಳತೆ ಸಿಗುತ್ತದೆ. ನನಗೆ ಸಿಕ್ಕಿದ್ದು 14.8. ಪ್ಯಾಡ್ ಜೊತೆ ಡಿಸ್ಕೂ ಹೋಗಬೇಕು ಎಂದಾಯಿತು.

ಗ್ಯಾರೇಜಿನವರು ಎಲ್ಲ ಸೇರಿ 11,500 ರೂಪಾಯಿ ಎಂದರು. ಪ್ಯಾಡ್ ಸೆಟ್ 1,800, ಡಿಸ್ಕ್ ಜೋಡಿ 4,200ಕ್ಕೆ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕವು. ಆದರೆ ಜ್ಯಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಸಿ-ಕ್ಲ್ಯಾಂಪ್, ವೈರ್ ಬ್ರಷ್, ಬ್ರೇಕ್ ಕ್ಲೀನರ್, ಸಿಲಿಕೋನ್ ಗ್ರೀಸ್ ಎಂದು ಇನ್ನೂ ಐದೂವರೆ ಸಾವಿರ ಹೋಯಿತು. ಹಾಗಾಗಿ ಹಣ ಉಳಿಸಲು ಮಾಡಿದೆ ಎಂದು ಯಾರಾದರೂ ಅಂದುಕೊಂಡರೆ, ಲೆಕ್ಕ ಸಮ ಆಗಿದೆ. ಒಮ್ಮೆಯಾದರೂ ಆ ಬೋಲ್ಟುಗಳನ್ನು ನನ್ನ ಕಣ್ಣಿಂದಲೇ ನೋಡಬೇಕಿತ್ತು, ಅಷ್ಟೆ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ನಿನಗ ಇದೆಲ್ಲಾ ಯಾಕ ಬೇಕಪಾ? ಗ್ಯಾರೇಜಿಗೆ ಕೊಟ್ಟು ಬಾ."

"ಗ್ಯಾರೇಜಿನವರ ಎಲ್ಲಾ ಚಲೋ ಐತಿ ಅಂತ ಬರದು ಕೊಟ್ಟಿದ್ರಲ್ಲಪ್ಪಾ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನೀನ ನೋಡು. ಗಡಿಬಿಡಿ ಮಾತ್ರ ಮಾಡಬ್ಯಾಡ" ಎಂದರು.

ಹೆಂಡತಿಯ ಪ್ರಶ್ನೆ ಇನ್ನೂ ನೇರವಾಗಿತ್ತು: "ನೀ ಬಿಚ್ಚಿ ಹಾಕಿದ ಗಾಡ್ಯಾಗ ನಾ ಮಕ್ಕಳನ್ನ ಕೂಡಿಸಬಹುದೇನು?" ಇದಕ್ಕೆ ಬಾಯಿಮಾತಿನ ಉತ್ತರ ಸಾಲುವುದಿಲ್ಲ. ನಮ್ಮ ವೃತ್ತಿಯಲ್ಲಿ ಸರ್ವರ್ ಬಿದ್ದರೆ ಹಳೆಯ ಆವೃತ್ತಿಗೆ ಮರಳುತ್ತೇವೆ, ಕ್ಷಮೆ ಕೋರಿ ಒಂದು ಮೇಲ್ ಕಳಿಸುತ್ತೇವೆ. ಘಾಟಿನ ಇಳಿಜಾರಿನಲ್ಲಿ ಆ ಸೌಲಭ್ಯ ಇಲ್ಲ.

ಸರಳ ಲೆಕ್ಕವೊಂದನ್ನು ನೋಡಿ. ಜನ, ಸಾಮಾನು ಸೇರಿ 1,200 ಕಿಲೋ ತೂಗುವ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಿಂದ ನಿಲ್ಲಬೇಕಾದರೆ ಸುಮಾರು 300 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಹೆಚ್ಚುಕಡಿಮೆ ಇಷ್ಟೇ ಶಾಖ ಬೇಕು. ಅದೂ ಕೆಲವೇ ಸೆಕೆಂಡುಗಳಲ್ಲಿ, ಅದರ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳಲ್ಲಿ. ಡಿಸ್ಕ್ ತೆಳುವಾದಷ್ಟೂ ಈ ಶಾಖ ಹಿಡಿದಿಟ್ಟುಕೊಳ್ಳುವ ಲೋಹ ಕಡಿಮೆ. ಆ ಕನಿಷ್ಠ ಅಳತೆ ಕೊರೆದಿರುವುದಕ್ಕೆ ಇದೂ ಒಂದು ಕಾರಣ.

ಭಾನುವಾರ ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಶುರು ಮಾಡಿದೆ. ಮೂರನೇ ಮಹಡಿಯ ಕಾಕಾ, ಪಿಂಪ್ರಿಯ ಕಾರ್ಖಾನೆಯೊಂದರ ಮಷಿನ್ ಶಾಪ್‌ನಲ್ಲಿ ದುಡಿದು ನಿವೃತ್ತರಾದವರು, ಚಹಾದ ಕಪ್ ಹಿಡಿದುಕೊಂಡೇ ಇಳಿದು ಬಂದರು. ಮರಾಠಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ಸ್ಟ್ಯಾಂಡ್ ಎಲ್ಲಿ?" ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಿದರೆ ತಾನು ಅಲ್ಲಿ ನಿಲ್ಲುವುದಿಲ್ಲ ಎಂದರು. ಸ್ಟ್ಯಾಂಡ್ ತೋರಿಸಿದ ಮೇಲೆ ಪ್ಲಾಸ್ಟಿಕ್ ಕುರ್ಚಿ ತರಿಸಿ ಕೂತರು.

ಕೆಲಸದ ಕ್ರಮ ಹೀಗೆ. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಹಿಂದಿನ ಚಕ್ರಗಳಿಗೆ ಇಟ್ಟಿಗೆ. ಗಾಡಿ ಎತ್ತುವ ಮೊದಲೇ ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಬೇಕು. ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ, ಬಿಚ್ಚಿದ ಚಕ್ರವನ್ನು ಗಾಡಿಯ ಅಡಿಗೆ ಮಲಗಿಸಿಡಬೇಕು. ಸ್ಟ್ಯಾಂಡ್ ಜಾರಿದರೂ ಗಾಡಿ ಚಕ್ರದ ಮೇಲೆ ಕೂರುತ್ತದೆ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಬಿಚ್ಚಬಾರದು. ಯಾವ ಕ್ಲಿಪ್ ಎಲ್ಲಿತ್ತು ಎಂದು ನೋಡಲು ಆ ಬದಿಯೇ ನಕ್ಷೆ.

ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸ್ ಮೇಲೆ ಜೋತು ಬಿಡಬಾರದು, ತಂತಿಯಿಂದ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಬೇಕು. ಒಳಗಿನ ಧೂಳನ್ನು ಊದಬಾರದು. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಬೇಕು, ಮಾಸ್ಕ್ ಇರಲಿ. ಹಳೆಯ ಡಿಸ್ಕ್ ತುಕ್ಕು ಹಿಡಿದು ಹಬ್‌ಗೆ ಕಚ್ಚಿಕೊಂಡಿತ್ತು. ನಾನು ಸುತ್ತಿಗೆ ಹುಡುಕುತ್ತಿದ್ದಾಗ ಕಾಕಾ ಡಿಸ್ಕಿನ ಮೇಲಿದ್ದ ಎರಡು ಮರೆಯಾದ ತೂತು ತೋರಿಸಿದರು. ಅವುಗಳಲ್ಲಿ 8 ಮಿಲಿಮೀಟರ್ ಬೋಲ್ಟ್ ಎರಡನ್ನೂ ಸಮನಾಗಿ ತಿರುಗಿಸುತ್ತ ಹೋದರೆ ಡಿಸ್ಕ್ ತಾನಾಗಿ ಹೊರಗೆ ತಳ್ಳಿಕೊಂಡು ಬರುತ್ತದೆ. 'ಟಕ್' ಎಂಬ ಶಬ್ದ ಬಂದಾಗ ಪಾರ್ಕಿಂಗ್‌ನಲ್ಲಿ ಸೇರಿದ್ದ ನಾಲ್ಕು ಹುಡುಗರು ಚಪ್ಪಾಳೆ ತಟ್ಟಿದರು.

ಆಮೇಲಿನದು ಬೇಸರದ ಕೆಲಸ, ಆದರೆ ಮುಖ್ಯ. ಹಬ್‌ನ ತುಕ್ಕನ್ನು ವೈರ್ ಬ್ರಷ್‌ನಿಂದ ಲೋಹ ಹೊಳೆಯುವ ತನಕ ಉಜ್ಜಬೇಕು. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಸೊಟ್ಟಗೆ ಕೂತು, ಪೆಡಲ್ ನಡುಕ ಮತ್ತೆ ಬರುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ, ಅದನ್ನು ಪೂರ್ತಿ ತೊಳೆಯಬೇಕು. ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ. ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನನ್ನು ಸಿ-ಕ್ಲ್ಯಾಂಪ್‌ನಿಂದ ನಿಧಾನಕ್ಕೆ ಒಳತಳ್ಳಬೇಕು. ಆಗ ಬಾನೆಟ್ ಅಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ತುಳುಕಿದರೆ ಪೇಂಟ್ ಕಿತ್ತುಬರುತ್ತದೆ, ಕಣ್ಣಿಟ್ಟಿರಬೇಕು.

ಬೋಲ್ಟುಗಳನ್ನು ಎಷ್ಟು ಬಿಗಿಯಬೇಕು ಎನ್ನುವುದು ಅಂದಾಜಿನ ವಿಷಯ ಅಲ್ಲ. ಬ್ರ್ಯಾಕೆಟ್‌ನ ದೊಡ್ಡ ಬೋಲ್ಟಿಗೆ ಒಂದು ಅಳತೆ, ಪಿನ್ ಬೋಲ್ಟಿಗೆ ಅದಕ್ಕಿಂತ ಬಹಳ ಕಡಿಮೆ. ಪ್ರತಿ ಕಾರಿಗೂ ಬೇರೆ, ಆ ಕಾರಿನ ಸರ್ವಿಸ್ ಕೈಪಿಡಿಯಲ್ಲೇ ನೋಡಬೇಕು. ಟಾರ್ಕ್ ರೆಂಚ್ 'ಕ್ಲಿಕ್' ಎಂದ ಪ್ರತಿ ಬೋಲ್ಟಿಗೂ ಕಾಕಾ ಬಿಳಿ ಪೇಂಟಿನ ಒಂದು ಗೆರೆ ಎಳೆಸಿದರು. ಬೋಲ್ಟ್ ಸಡಿಲಾದರೆ ಗೆರೆ ಮುರಿಯುತ್ತದೆ, ಬಗ್ಗಿ ನೋಡಿದರೆ ಸಾಕು. ನಲವತ್ತು ವರ್ಷದ ಮಷಿನ್ ಶಾಪಿನ ಶಿಸ್ತು ಆ ಒಂದು ಗೆರೆಯಲ್ಲಿತ್ತು.

ಎರಡೂ ಬದಿ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಎಂಜಿನ್ ಶುರು ಮಾಡುವ ಮೊದಲು ಪೆಡಲ್ ಒತ್ತಿದರೆ ಅದು ನೇರ ತಳಕ್ಕೆ ಹೋಯಿತು. ಇದು ಗೊತ್ತಿರುವ ವಿಷಯವೇ, ಒಳತಳ್ಳಿದ ಪಿಸ್ಟನ್ ಮತ್ತೆ ಹೊರಬಂದು ಪ್ಯಾಡನ್ನು ಮುಟ್ಟುವ ತನಕ ಹೀಗಾಗುತ್ತದೆ. ಆದರೂ ಎದೆ ಧಸಕ್ಕೆಂದಿತು. ಐದಾರು ಸಲ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಯಿತು. ಇದನ್ನು ಮರೆತು ಗಾಡಿ ಹೊರಡಿಸಿದರೆ ಮೊದಲ ಬ್ರೇಕ್ ಎದುರಿನ ಗೋಡೆಯೇ.

ಹೊಸ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು ಹದ ಬೇಕು. ಮರುದಿನ ನಸುಕಿನಲ್ಲಿ ಖಾಲಿ ರಸ್ತೆಗೆ ಒಬ್ಬನೇ ಹೋಗಿ, 50ರ ವೇಗದಿಂದ 10ಕ್ಕೆ ಹದವಾಗಿ ಇಳಿಸುವುದು, ಸ್ವಲ್ಪ ದೂರ ಓಡಿಸಿ ತಣಿಸುವುದು, ಹೀಗೆ ಎಂಟು ಸಲ ಮಾಡಿದೆ. ಬಿಸಿಯಾಗಿರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬಾರದು, ಡಿಸ್ಕಿನ ಒಂದೇ ಜಾಗದಲ್ಲಿ ಪ್ಯಾಡಿನ ಗುರುತು ಬೀಳುತ್ತದೆ. ನಡುಕ ಹೋಗಿತ್ತು.

ಆದರೂ ಹೆಂಡತಿಯ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ನಾವು ಬರೆದ ಕೋಡನ್ನು ಇನ್ನೊಬ್ಬರು ನೋಡದೇ ಬಿಡುಗಡೆ ಮಾಡುವುದಿಲ್ಲವಲ್ಲ. ಓಣಿಯ ಮೆಕ್ಯಾನಿಕ್ ಒಬ್ಬರಿಗೆ ಚಕ್ರ ಬಿಚ್ಚಿ ತೋರಿಸಿದೆ. ಎಲ್ಲ ಬೋಲ್ಟ್ ಪರೀಕ್ಷಿಸಿ, ಬಿಳಿ ಗೆರೆ ನೋಡಿ ನಕ್ಕು, ಬ್ರೇಕ್ ಆಯಿಲ್ ಅವರೇ ಬದಲಿಸಿ ಕೊಟ್ಟರು. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯ ತನಕ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯಬಹುದು. ಕುದಿದರೆ ಆವಿ ತುಂಬಿ ಪೆಡಲ್ ಪೊಳ್ಳಾಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು. ಪೈಪು, ಹೋಸು, ಎಬಿಎಸ್ ಇದ್ಯಾವುದಕ್ಕೂ ನಾನು ಮನೆಯಲ್ಲಿ ಕೈ ಹಾಕುವುದಿಲ್ಲ, ನೀವೂ ಹಾಕಬೇಡಿ.

ದಸರೆಗೆ ನಾಲ್ವರೂ ಅದೇ ಗಾಡಿಯಲ್ಲಿ ಹೋಗಿಬಂದೆವು. ಇಳಿಜಾರಿನಲ್ಲಿ ಮೂರನೇ ಗೇರಿಗೆ ಹಾಕಿ ಎಂಜಿನ್ ಹಿಡಿತದಲ್ಲೇ ಇಳಿಸಿದೆ. ಹೊಸ ಬ್ರೇಕ್ ಇದ್ದರೂ ಆ ಅಭ್ಯಾಸ ಬಿಡಬಾರದು. ಧಾರವಾಡದಲ್ಲಿ ಅಪ್ಪ ಮೊಣಕಾಲು ನೋವು ಲೆಕ್ಕಿಸದೆ ಬಗ್ಗಿ ಚಕ್ರದ ಸಂದಿಯಿಂದ ಬಿಳಿ ಗೆರೆ ನೋಡಿದರು. ಏನೂ ಅನ್ನಲಿಲ್ಲ. ಸಂಜೆ ಮಾತ್ರ ಗೆಳೆಯರೊಬ್ಬರಿಗೆ ಫೋನಿನಲ್ಲಿ, "ನಮ್ಮ ಹುಡುಗ ತಾನ ಹಾಕ್ಯಾನ" ಎನ್ನುತ್ತಿದ್ದುದು ಕೇಳಿಸಿತು.

ಓದುಗರಲ್ಲಿ ಒಂದೇ ವಿನಂತಿ. ನೀವು ಪಾನಾ ಹಿಡಿಯಲೇಬೇಕೆಂದಿಲ್ಲ. ಮುಂದಿನ ಸರ್ವಿಸ್‌ನಲ್ಲಿ ಚಕ್ರ ಬಿಚ್ಚಿಸಿ, ಒಳಗಿನ ಪ್ಯಾಡ್ ಎಷ್ಟಿದೆ, ಡಿಸ್ಕ್ ದಪ್ಪ ಎಷ್ಟಿದೆ ಎಂದು ಕೇಳಿ, ಆ ಎರಡು ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಟಿಕ್ ಬೇಡ, ಅಂಕಿ ಬೇಕು ಎನ್ನಿ.