ಮೊಬೈಲ್ ನೋಡಬೇಡ ಅನ್ನುವವರಿಗೆ

‘ಮೊಬೈಲ್ ನೋಡಿ ಔಷಧ ಮಾಡ್ಕೋಬೇಡಿ, ಡಾಕ್ಟರನ್ನ ಕೇಳಿ’ ಎಂದು ಉಪದೇಶ ಮಾಡುವ ಸುಶಿಕ್ಷಿತರನ್ನು ಕಂಡರೆ ಈಚೆಗೆ ನನಗೆ ಮೈ ಉರಿಯುತ್ತದೆ. ನಾನೂ ಅವರಲ್ಲೊಬ್ಬನಾಗಿದ್ದೆ, ಅದಕ್ಕೇ ಇರಬೇಕು.

ಅಪ್ಪ ಹೋದ ಮೇಲೆ ಅವ್ವನನ್ನು ಧಾರವಾಡದ ಕಡೆಯ ಹಳ್ಳಿಯಿಂದ ಪುಣೆಗೆ ಕರಕೊಂಡು ಬಂದೆ. ಸಕ್ಕರಿ ಬ್ಯಾನಿ ಆಕೆಗೆ ಹನ್ನೆರಡು ವರ್ಷದ್ದು. ಇಲ್ಲಿಯ ಡಾಕ್ಟರು ಒಳ್ಳೆಯವರು. ಆದರೆ ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ. ಅವರು ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಮೂರು ನಿಮಿಷ ಮಾತಾಡುತ್ತಾರೆ. ಪಕ್ಕದ ಕುರ್ಚಿಯಲ್ಲಿ ರೋಗಿ ಸೆರಗು ಹೊದ್ದು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿರುತ್ತಾಳೆ. ಮೆಟ್ಟಿಲು ಇಳಿಯುವಾಗ ‘ಏನಂದ್ರೋ ತಮ್ಮಾ?’ ಅಂದರೆ ನಾನು ಹೇಳುತ್ತಿದ್ದದ್ದು ಒಂದೇ ಸಾಲು: ‘ಎಲ್ಲಾ ಬರೋಬರಿ ಅದ, ಗುಳಿಗಿ ತಪ್ಪಸಬ್ಯಾಡ ಅಂದಾರ.’ ಈಗ ಹೇಳಿ ಸ್ವಾಮಿ, ಡಾಕ್ಟರನ್ನ ಕೇಳೋದು ಅಂದ್ರೆ ಯಾರು ಯಾರನ್ನ ಕೇಳೋದು?

ಒಮ್ಮೆ ಡಾಕ್ಟರು ನೇರವಾಗಿ ಆಕೆಯನ್ನೇ ಕೇಳಿದರು: ‘ಪಾಯಾಲಾ ಮುಂಗ್ಯಾ ಯೇತಾತ್ ಕಾ?’ ಅವ್ವ ಇಲ್ಲವೆಂದು ತಲೆಯಾಡಿಸಿದಳು. ಮುಂಗಿ ಅಂದರೆ ಇರುವೆ. ಕಾಲು ಜೋಮು ಹಿಡಿದಾಗ ಮರಾಠಿಯವರು ಹಾಗೆ ಹೇಳುತ್ತಾರೆ. ಅವ್ವ ಆರು ತಿಂಗಳಿಂದ ಮನೆಯಲ್ಲಿ ‘ಅಂಗಾಲಾಗ ಇರುವಿ ಹರದಾಂಗ ಆಗ್ತದ’ ಎನ್ನುತ್ತಲೇ ಇದ್ದಳು. ಎರಡೂ ಭಾಷೆಯಲ್ಲಿ ಅದೇ ಇರುವೆ! ಆದರೂ ಚೀಟಿಯಲ್ಲಿ ‘ತೊಂದರೆ ಇಲ್ಲ’ ಎಂದು ಬಿತ್ತು. ನಾನು ಆಗ ಫೋನಿನಲ್ಲಿ ಆಫೀಸಿನ ಮೇಲ್ ನೋಡುತ್ತಿದ್ದೆ.

ಇಂಥವಳು ಮೊಬೈಲನ್ನು ಕೇಳದೆ ಇನ್ಯಾರನ್ನು ಕೇಳಬೇಕು? ಈ ಊರಿನಲ್ಲಿ ಹಗಲಿಡೀ ಆಕೆಯೊಡನೆ ಕನ್ನಡ ಮಾತಾಡುವುದು ಅದೊಂದೇ. ಮೊಮ್ಮಗಳು ಮೈಕಿನ ಗುಂಡಿ ಒತ್ತಿ ಕೇಳುವುದನ್ನು ಕಲಿಸಿದ್ದಳು. ಅವ್ವ ತನ್ನ ಭಾಷೆಯಲ್ಲಿ ‘ಸಕ್ಕರಿ ಗುಳಿಗಿ’ ಅಂದರೆ ಫೋನು ‘ಗುಳಿಗ’ ಎಂದು ಕೇಳಿಸಿಕೊಂಡು ಕರಾವಳಿಯ ದೈವವನ್ನು ತಂದು ನಿಲ್ಲಿಸಿತು. 2022ರ ‘ಕಾಂತಾರ’ ಸಿನಿಮಾದ ಪ್ರಭಾವ! ನಾವೆಲ್ಲ ನಕ್ಕೆವು. ಅವ್ವ ನಗಲಿಲ್ಲ. ಮತ್ತೆ ಮತ್ತೆ ಕೇಳಿ, ಕೊನೆಗೆ ಆಕೆಗೆ ತಿಳಿಯುವಂತೆ ಮಾತಾಡುವ ಒಬ್ಬ ಮಹಾಶಯ ಸಿಕ್ಕಿದ. ಉಪವಾಸ ಮಾಡಿದರೆ ಸಕ್ಕರೆ ತಾನಾಗಿ ಇಳಿಯುತ್ತದೆ ಎಂದ.

ಸುಳ್ಳೇನಲ್ಲ, ಇಳಿಯುತ್ತದೆ. ಆದರೆ ಅವ್ವನ ಗುಳಿಗೆಯಲ್ಲಿ ಎರಡು ಔಷಧಿ ಕೂಡಿವೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ. ಅದರ ಜೊತೆಗಿರುವ ಗ್ಲಿಮೆಪಿರೈಡ್ ಹಾಗಲ್ಲ. ನೀವು ಉಂಡಿರಿ, ಬಿಡಿರಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಆ ಗುಳಿಗೆ ಊಟದ ಜೊತೆಗೇ ಬೇಕು. ಉಪವಾಸವಿದ್ದರೆ ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿರಬೇಕು. ಈ ನಾಲ್ಕು ವಾಕ್ಯ ಆಕೆಗೆ ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ. ನಾನು ಹೇಳಿದ್ದು ‘ಗುಳಿಗಿ ತಪ್ಪಸಬ್ಯಾಡ’ ಅಷ್ಟೆ. 2024ರ ಆಷಾಢ ಏಕಾದಶಿಯಂದು ಆಕೆ ತಪ್ಪಿಸಲಿಲ್ಲ. ಬೆಳಿಗ್ಗೆ ಗುಳಿಗಿ ನುಂಗಿ, ಬರೀ ನೀರು ಕುಡಿದು ಕೂತಳು.

ನಾನು ಕೆಲಸದ ಮೇಲೆ ಹೊರಗಿದ್ದೆ. ಮಧ್ಯಾಹ್ನ ಪಕ್ಕದ ಮನೆಯ ಕಾಕು ಸಾಬುದಾಣಿ ಖಿಚಡಿ ಕೊಡಲು ಬಂದವರು ನೋಡಿದರೆ ಅವ್ವ ಬೆವರಿನಲ್ಲಿ ತೊಯ್ದು ನಡುಗುತ್ತಿದ್ದಳಂತೆ, ಮಾತು ತೊದಲುತ್ತಿತ್ತಂತೆ. ಕಾಕು ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ, ತಮ್ಮ ಮನೆಯ ಮೀಟರು ತಂದು ಬೆರಳು ಚುಚ್ಚಿದರು. ಸಕ್ಕರೆ ಕುಡಿದ ಮೇಲೂ 52. ಎಪ್ಪತ್ತರ ಕೆಳಗೆ ಇಳಿದರೇ ಅಪಾಯ. ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿ, ಮತ್ತೆ ಕುಡಿಸಿದರು. ಇಷ್ಟೆಲ್ಲ ಹೇಗೆ ಗೊತ್ತು ಎಂದು ಆಮೇಲೆ ಕೇಳಿದೆ. ಅವರ ಯಜಮಾನರಿಗೂ ಸಕ್ಕರೆ ಕಾಯಿಲೆ. ಡಾಕ್ಟರು ಮರಾಠಿಯಲ್ಲಿ ಎಲ್ಲ ಬಿಡಿಸಿ ಹೇಳಿದ್ದರು. ಅದೇ ಡಾಕ್ಟರು!

‘ಹೊರನಾಡಿಗೆ ಹೋದವರು ಅಲ್ಲಿಯ ಭಾಷೆ ಕಲೀಬೇಕಪ್ಪ’ ಎಂದು ಒಬ್ಬರು ಹಿರಿಯರು ನನಗೆ ಬುದ್ಧಿ ಹೇಳಿದರು. ನಾನು ಕಲಿತಿದ್ದೇನೆ, ಮಕ್ಕಳು ಕಲಿತಿದ್ದಾರೆ. ಅರವತ್ತೆಂಟು ವರ್ಷದ ಅವ್ವನೂ ಮೆಂತೆ, ಕೊತ್ತಂಬರಿ ಕೊಳ್ಳುವಷ್ಟು ಕಲಿತಿದ್ದಾಳೆ. ನೋವು ಹೇಳಿಕೊಳ್ಳುವಷ್ಟು ಯಾವಾಗ ಕಲಿಯಬೇಕು?

ಕಾನೂನು ಇಲ್ಲವೇ? ಇದೆ. ಮಧುಮೇಹ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದು 1954ರ ಕಾಯಿದೆಯ ಪ್ರಕಾರ ಅಪರಾಧ. ಕೈಯೊಳಗಿನ ಪರದೆಯಲ್ಲಿ ಅದನ್ನು ಕಾಯುವವರು ಯಾರೂ ನನಗಂತೂ ಕಂಡಿಲ್ಲ. 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ ಮುನ್ನೂರು ಔಷಧಿಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದರಲ್ಲಿರಬೇಕಾದದ್ದು ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ನಂಬರು, ತಾರೀಕು, ಲೈಸೆನ್ಸ್ ನಂಬರು. ಲೈಸೆನ್ಸ್ ನಂಬರು ತೊಗೊಂಡು ಅವ್ವ ಏನು ಮಾಡಬೇಕು? ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿದಂತೆ ಈ ದೇಶದಲ್ಲಿ ಹತ್ತು ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆ. ಉಂಡು ನುಂಗಬೇಕೋ ನುಂಗಿ ಉಣ್ಣಬೇಕೋ ಎಂಬುದನ್ನು ಅವರವರ ಭಾಷೆಯಲ್ಲಿ ಆ ಕೋಡಿಗೆ ತುಂಬಲು ಏನು ಅಡ್ಡಿ?

ಸರಕಾರವನ್ನಷ್ಟೇ ಬೈದರೆ ಆಗದು. ನಮ್ಮ ಊರಿನ ಕನ್ನಡ ಬಳಗದಲ್ಲಿ ಐದಾರು ಜನ ಡಾಕ್ಟರರೇ ಇದ್ದಾರೆ. ರಾಜ್ಯೋತ್ಸವದ ದಿನ ಶಾಲು ಹೊದೆಸಿಕೊಂಡು ಕನ್ನಡ ಉಳಿಸಬೇಕೆಂದು ಭಾಷಣ ಮಾಡುತ್ತಾರೆ. ಹೊತ್ತು ತಪ್ಪಿದ ಗುಳಿಗೆ, ಅಂಗಾಲಿನ ಇರುವೆ, ಉಪವಾಸ ಇವನ್ನು ಕುರಿತು ಎರಡು ನಿಮಿಷ ಕನ್ನಡದಲ್ಲಿ ಮಾತಾಡಿ ಮೊಬೈಲಿಗೆ ಹಾಕಿ ಎಂದರೆ ‘ಟೈಮ್ ಇಲ್ಲ, ಆಮೇಲೆ ತಪ್ಪು ತಿಳಕೊಂಡ್ರೆ ನಮ್ಮ ತಲೆಗೇ ಬರ್ತದೆ’ ಅನ್ನುತ್ತಾರೆ. ಉಪವಾಸದ ಮಹಾಶಯನಿಗೆ ಆ ಭಯವಿಲ್ಲ, ಟೈಮೂ ಇದೆ. ಕನ್ನಡದಲ್ಲಿ ಇದು ಆಗದ ಕೆಲಸ ಎನ್ನುವವರಿಗೆ ಡಾ. ಅನುಪಮಾ ನಿರಂಜನರ ‘ತಾಯಿ ಮಗು’ ತೋರಿಸುತ್ತೇನೆ. ಬೆನ್ನು ಹರಿದ ಆ ಪುಸ್ತಕ ಅವ್ವನ ಟ್ರಂಕಿನಲ್ಲಿ ಇನ್ನೂ ಇದೆ. ನಾವು ಮೂವರೂ ಅದನ್ನು ಓದಿಯೇ ಬೆಳೆದವರು. ಅಂದರೆ, ಅವ್ವ ಓದಿದಳು, ನಾವು ಬೆಳೆದೆವು.

ಏಕಾದಶಿಯ ಮರುವಾರ ಡಾಕ್ಟರ ಹತ್ತಿರ ಒಂದು ಕಾಗದ ಹಿಡಿದು ಹೋದೆ. ಪ್ರತಿ ಗುಳಿಗೆಗೂ ಕೇಳಿ, ಅಲ್ಲೇ ಕೂತು ಅವ್ವನ ಭಾಷೆಯಲ್ಲಿ ಬರೆದುಕೊಂಡೆ. ಹೊರಗಿನ ನಲವತ್ತು ಜನ ಶಪಿಸಿರಬೇಕು. ಅದರ ಫೋಟೋ ಅವ್ವನ ಮೊಬೈಲಿಗೆ ಹಾಕಿದೆ. ಆಕೆ ಎರಡು ಸಲ ಓದಿ, ‘ಇದನ್ನ ಮದ್ಲ ಯಾಕ ಬರದ ಕೊಡ್ಲಿಲ್ಲೋ?’ ಅಂದಳು. ಆಮೇಲೆ ಅದನ್ನು ಹುಬ್ಬಳ್ಳಿಯ ದೊಡ್ಡವ್ವನಿಗೆ ಕಳಿಸಿಬಿಟ್ಟಿದ್ದಾಳೆ. ದೊಡ್ಡವ್ವನ ಗುಳಿಗಿ ಬೇರೆ. ರಾತ್ರಿಯೇ ಫೋನ್ ಮಾಡಿ, ಆಕೆಯ ಚೀಟಿಯ ಫೋಟೋ ಕಳಿಸಲು ಹೇಳಿದ್ದೇನೆ.