43 ಸೆಕೆಂಡುಗಳ ಅಡಚಣೆ, 24 ಗಂಟೆಗಳ ಪರದಾಟ

ಒಂದು ಸರ್ವರ್ ಕೈಕೊಟ್ಟಾಗ ಮತ್ತೊಂದು ತಾನಾಗಿಯೇ ಹೊಣೆ ಹೊರುವ ಏರ್ಪಾಡಿಗೆ ತಂತ್ರಜ್ಞರು ‘ಫೇಲೋವರ್’ ಎನ್ನುತ್ತಾರೆ. ದೊಡ್ಡ ಜಾಲತಾಣಗಳಿಗೆಲ್ಲ ಇದೇ ಆಪದ್ಬಾಂಧವ. ಆದರೆ ಹೊಣೆ ಕೈಬದಲಾಗುವ ಗಳಿಗೆಯೇ ಹೊಸ ಆಪತ್ತಿಗೆ ದಾರಿಯಾಗಬಹುದೆಂಬುದನ್ನು 2018ರ ಗಿಟ್‌ಹಬ್ ಪ್ರಕರಣ ತೋರಿಸಿಕೊಟ್ಟಿತು.

ಗಿಟ್‌ಹಬ್, ಬೆಂಗಳೂರಿನವರೂ ಸೇರಿದಂತೆ ಜಗತ್ತಿನಾದ್ಯಂತ ತಂತ್ರಾಂಶ ರಚಿಸುವವರು ತಮ್ಮ ಕೋಡ್ ಇರಿಸುವ ತಾಣ. ಆ ವರ್ಷದ ಅಕ್ಟೋಬರ್ 21ರಂದು, ಕೆಡುತ್ತಿದ್ದ ಉಪಕರಣವೊಂದನ್ನು ಬದಲಿಸುವಾಗ ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಅದರ ಮುಖ್ಯ ದತ್ತಾಂಶ ಕೇಂದ್ರದ ಸಂಪರ್ಕ 43 ಸೆಕೆಂಡು ಕಡಿದುಹೋಯಿತು. ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮ ಕರಾವಳಿಯ ಡೇಟಾಬೇಸ್‌ಗಳಿಗೆ ಪಟ್ಟ ಕಟ್ಟಿತು. ಸಂಪರ್ಕ ಮರಳುತ್ತಲೇ ಹೊಸ ದಾಖಲೆಗಳು ಅತ್ತ ಹರಿದವು.

ಪೂರ್ವದಲ್ಲಿ ಅದಕ್ಕೆ ತುಸು ಮೊದಲು ದಾಖಲಾಗಿದ್ದ ಮಾಹಿತಿ ಪಶ್ಚಿಮಕ್ಕೆ ತಲುಪಿರಲಿಲ್ಲ. ಹೀಗೆ ಬಾಕಿ ಉಳಿದ ದಾಖಲೆಗಳು ಹೆಚ್ಚು ಒತ್ತಡದ ಒಂದು ಡೇಟಾಬೇಸ್ ಸಮೂಹದಲ್ಲೇ 954. ಎರಡೂ ಕಡೆ ಇನ್ನೊಂದರಲ್ಲಿಲ್ಲದ ಲೆಕ್ಕ! ಜೊತೆಗೆ, ಪೂರ್ವದ ಅಪ್ಲಿಕೇಷನ್‌ಗಳು ಪ್ರತಿ ದಾಖಲೆಗೂ ಖಂಡದ ಇನ್ನೊಂದು ತುದಿಯನ್ನು ಮುಟ್ಟಬೇಕಾಗಿ ಬಂದು ಸೇವೆ ಕುಂಟಿತು. ವೇಗಕ್ಕಿಂತ ಮಾಹಿತಿಯ ಸುರಕ್ಷತೆಯೇ ಮುಖ್ಯವೆಂದು ಸಂಸ್ಥೆ ನಿರ್ಧರಿಸಿತು. ಎಲ್ಲವೂ ಸರಿಹೋಗಲು ಹಿಡಿದದ್ದು 24 ಗಂಟೆ 11 ನಿಮಿಷ. ಪ್ರದೇಶದ ಗಡಿ ದಾಟಿ ಪಟ್ಟ ಬದಲಾಗದಂತೆ ಆ ಬಳಿಕ ವ್ಯವಸ್ಥೆಯನ್ನು ತಿದ್ದಲಾಯಿತು.

ಹಾಗೆಂದು ಫೇಲೋವರ್ ಬೇಡವೆಂದಲ್ಲ. ಬದಲಿ ಸರ್ವರ್ ಇದ್ದರಷ್ಟೇ ಸಾಲದು, ಅದನ್ನು ಬಳಸುವ ಅಪ್ಲಿಕೇಷನ್‌ಗೂ ವಿವೇಕ ಬೇಕು. ಪಟ್ಟ ಕಳೆದುಕೊಂಡ ಸರ್ವರ್‌ನ ಹಳೆಯ ಸಂಪರ್ಕಗಳನ್ನು ಅದು ತಕ್ಷಣ ಕೈಬಿಡಬೇಕು. ಸಂಪರ್ಕ ಸಿಗದಿದ್ದಾಗ ಸಾವಿರಾರು ಅಪ್ಲಿಕೇಷನ್‌ಗಳು ಒಮ್ಮೆಲೇ ಬಾಗಿಲು ಬಡಿದರೆ, ಆಗತಾನೇ ಎದ್ದ ಸರ್ವರ್ ಮತ್ತೆ ನೆಲಕಚ್ಚುತ್ತದೆ. ಆದುದರಿಂದ ಮರುಯತ್ನಗಳ ನಡುವಿನ ಬಿಡುವು ಹೆಚ್ಚುತ್ತಾ ಹೋಗಬೇಕು, ಯತ್ನಗಳಿಗೆ ಮಿತಿಯೂ ಇರಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಹಣದ ವಹಿವಾಟು. ದಾಖಲೆ ಆದ ಮೇಲೆ ಉತ್ತರ ಬರುವ ಮುನ್ನ ಸಂಪರ್ಕ ಕಡಿದರೆ, ವಹಿವಾಟು ಆಯಿತೋ ಇಲ್ಲವೋ ಅಪ್ಲಿಕೇಷನ್‌ಗೆ ತಿಳಿಯದು. ಕುರುಡಾಗಿ ಮತ್ತೆ ಕಳುಹಿಸಿದರೆ ಗ್ರಾಹಕನ ಖಾತೆಯಿಂದ ಎರಡು ಬಾರಿ ಹಣ ಕಡಿತವಾದೀತು. ಪ್ರತಿ ಕೋರಿಕೆಗೂ ಪ್ರತ್ಯೇಕ ಗುರುತು ಸಂಖ್ಯೆ ನೀಡಿ, ಅದೇ ಸಂಖ್ಯೆ ಮರಳಿ ಬಂದರೆ ಹೊಸದಾಗಿ ದಾಖಲಿಸದಿರುವುದೇ ಇದಕ್ಕೆ ಮದ್ದು.

ಸೇವೆ ಕೆಲಕಾಲ ನಿಂತರೆ ಜನ ಸಹಿಸಿಯಾರು, ಲೆಕ್ಕ ತಪ್ಪಿದರೆ ಸಹಿಸಲಾರರು. ಆನ್‌ಲೈನ್ ಸೇವೆ ನೀಡುವ ಪ್ರತಿ ಸಂಸ್ಥೆಯೂ ಇದನ್ನು ಆಪತ್ತು ಬರುವ ಮೊದಲೇ ಪರೀಕ್ಷಿಸಿ ನೋಡುವುದು ಲೇಸು.