ಪಾರಿವಾಳಕ್ಕೆ ಸಮಾರಾಧನೆ, ಪಿಕಳಾರಕ್ಕೆ ಉಪವಾಸ

ಧಾರವಾಡದ ಮಾಳಮಡ್ಡಿಯ ನಿವೃತ್ತ ಮಾಸ್ತರರೊಬ್ಬರು ದೀಪಾವಳಿ ಮುಗಿದ ಮರುವಾರ ಮನೆ ಗಚ್ಚಿನ ಮೇಲೆ ಹಕ್ಕಿಗಳಿಗೊಂದು ಖಾನಾವಳಿ ತೆರೆದರು. ಅಮೆರಿಕದಲ್ಲಿರುವ ಮಗ ಕಳಿಸಿದ ಪ್ಲಾಸ್ಟಿಕ್ ಕೊಳವೆ. ಸುತ್ತ ನಾಲ್ಕು ತೂತು, ತೂತಿಗೊಂದು ಕೂರುವ ಕಡ್ಡಿ. ಒಳಗೆ ಕಾಳು ಸುರಿದು ತೂಗುಹಾಕಿದರೆ ಚಳಿಗಾಲ ಪೂರ್ತಿ ಬಣ್ಣಬಣ್ಣದ ಹಕ್ಕಿಗಳು ಪಾಳಿ ಹಚ್ಚಿ ಬರ್ತಾವೆ ಅಂತ ಮಗ ಫೋನಿನಲ್ಲಿ ಹೇಳಿದ್ದ. ಮಾಸ್ತರರು ಜೋಳ, ನವಣೆ ತುಂಬಿ, ಕನ್ನಡಕ ಒರೆಸಿಕೊಂಡು ಕುರ್ಚಿ ಹಾಕಿ ಕುಳಿತರು.

ಬಂದವು. ಪಾರಿವಾಳ!

ಮೊದಲ ದಿನ ಎರಡು, ವಾರದೊಳಗೆ ಇಪ್ಪತ್ತು, ತಿಂಗಳು ತುಂಬುವಷ್ಟರಲ್ಲಿ ಮಾಸ್ತರರು ಎಣಿಸೋದನ್ನೇ ಬಿಟ್ಟರು. ಕಡ್ಡಿಯ ಮೇಲೆ ಕೂರಲಾಗದ ಪಾರಿವಾಳಗಳು ಕೊಳವೆಯನ್ನು ರೆಕ್ಕೆಯಿಂದ ಬಡಿದು ಕಾಳು ಉದುರಿಸಿ ನೆಲದ ಮೇಲೆ ಪಂಕ್ತಿ ಕೂತವು. ನಾಲ್ಕನೇ ವಾರ ಪಕ್ಕದ ಮನೆಯ ಕಾಕು ಕಂಪೌಂಡಿನ ಮೇಲಿಂದ ಹಣಿಕಿದರು. “ಮಾಸ್ತರ್ರ, ನಿಮ್ಮ ಬೀಗರು ಊಟಾ ನಿಮ್ಮಲ್ಲಿ ಮಾಡ್ತಾರ, ಉಳಿದದ್ದೆಲ್ಲಾ ನಮ್ಮ ಒಣಾ ಹಾಕಿದ ಅರಿವಿ ಮ್ಯಾಲೆ ಮಾಡ್ತಾರ. ಇದು ಯಾವ ನ್ಯಾಯಾರೀ?”

ಮಾತಿಗೆ ಮಾತು ಬೆಳೆದು ವಾರ್ಡಿನ ಮೆಂಬರ್ ಸಾಹೇಬರ ತನಕ ಹೋಯಿತು. ಸಾಹೇಬರು ಎರಡೂ ಮನೆಯಲ್ಲಿ ಚಹಾ ಕುಡಿದು, ಎರಡೂ ಕಡೆ “ನಿಮ್ಮದೂ ಖರೇ ಅದ” ಅಂದು ಹೋದರು.

ಇದು ಮಾಳಮಡ್ಡಿಯೊಂದರ ಕಥೆಯಲ್ಲ. ಈಗೀಗ ಊರಿನ ಬಡಾವಣೆಗಳಲ್ಲೆಲ್ಲ ಹಕ್ಕಿಗೆ ಕಾಳು ಹಾಕುವ ಪುಣ್ಯದ ಕೆಲಸ ಜೋರಾಗಿದೆ. ಮನಸ್ಸು ಒಳ್ಳೆಯದೇ. ಆದರೆ ಲೆಕ್ಕ ತಪ್ಪಿದೆ.

ಆ ಕೊಳವೆ ಹುಟ್ಟಿದ್ದು ಹಿಮ ಬೀಳುವ ದೇಶದ ಹಿತ್ತಲಿಗಾಗಿ. ಅಲ್ಲಿ ಡಿಸೆಂಬರ್ ಬಂತೆಂದರೆ ನೆಲ ಕಲ್ಲಾಗುತ್ತದೆ, ಹುಳ ಸಿಗೋದಿಲ್ಲ, ಹಗಲು ಮೊಟಕು, ರಾತ್ರಿ ಉದ್ದ. ಮುಷ್ಟಿಗಿಂತ ಚಿಕ್ಕ ಹಕ್ಕಿ ಹಗಲು ಕೂಡಿಸಿಕೊಂಡ ಕೊಬ್ಬನ್ನು ರಾತ್ರಿ ಮೈ ಬೆಚ್ಚಗಿಡಲಿಕ್ಕೇ ಸುಟ್ಟುಬಿಡುತ್ತದೆ. ಅಂಥಲ್ಲಿ ಒಂದು ಹಿಡಿ ಸೂರ್ಯಕಾಂತಿ ಬೀಜ ಅಂದರೆ ಜೀವದಾನವೇ ಸರಿ. ಧಾರವಾಡದ ಚಳಿ ಎಂಥಾದ್ದು? ಸ್ವೆಟರ್ ಹಾಕಿಕೊಂಡು ಮಿರ್ಚಿ ಭಜಿ ತಿನ್ನಲಿಕ್ಕೆ ಒಂದು ನೆವ, ಅಷ್ಟೇ! ಇಲ್ಲಿ ಚಳಿಗಾಲದಲ್ಲೂ ಹುಳಕ್ಕೆ ಬರವಿಲ್ಲ, ಹಣ್ಣಿಗೆ ಬರವಿಲ್ಲ. ಹಣ್ಣು ಬಿಡುವ ಮರಕ್ಕೆ ಬಂದಿದೆ ಬರ.

ಇನ್ನೊಂದು ಸಂಗತಿ. ಹಿತ್ತಲಿಗೆ ಬರಬಲ್ಲ ಹಕ್ಕಿಗಳಲ್ಲಿ ಕಾಳು ತಿನ್ನುವವು ಎಷ್ಟು? ಪಾರಿವಾಳ, ಬೆಳವ, ಗುಬ್ಬಿ, ರಾಟವಾಳ, ಗಿಳಿ, ಹೀಗೆ ಬೆರಳೆಣಿಕೆ. ಪಿಕಳಾರಕ್ಕೆ ಹಣ್ಣು ಬೇಕು, ಕುಟುರನಿಗೆ ಅತ್ತಿ-ಆಲ ಬೇಕು. ಸೂರಕ್ಕಿಗೆ ಹೂವಿನ ಜೇನು. ಸಿಂಪಿಗ, ಮಡಿವಾಳ ಹಕ್ಕಿ, ಕಾಜಾಣ ಇವೆಲ್ಲ ಹುಳದ ಗಿರಾಕಿಗಳು. ಗುಬ್ಬಿಯಾದರೂ ತಾನು ಕಾಳು ತಿಂದರೂ ಮರಿಗಳ ಬಾಯಿಗೆ ಇಡುವುದು ಹುಳವನ್ನೇ. ಗುಲಾಬಿ ಗಿಡಕ್ಕೆ ವಾರಕ್ಕೊಮ್ಮೆ ಔಷಧ ಹೊಡೆದು, ಪಕ್ಕದಲ್ಲೇ ಗುಬ್ಬಿಗೆ ನವಣೆ ಇಡುವ ಮಹಾನುಭಾವರು ಊರಿನಲ್ಲಿ ಕಡಿಮೆ ಇಲ್ಲ.

ಚಳಿಗಾಲದ ನಿಜವಾದ ಬೀಗರನ್ನಂತೂ ಕೇಳುವವರೇ ಇಲ್ಲ. ಮಧ್ಯ ಏಷ್ಯಾದ ಬಯಲಿಂದ ಗುಲಾಬಿ ಕಬ್ಬಕ್ಕಿಗಳು ದಂಡುಗಟ್ಟಿ ಬರುತ್ತವೆ. ನವಲಗುಂದದ ಕಡೆ ಬಿಳಿಜೋಳ ಹಾಲುಗಾಳಾದಾಗ ಅವು ಇಳಿದರೆ ರೈತನಿಗೆ ಕವಣೆ ಹಿಡಿಯೋದೇ ಕೆಲಸ. ಅದೇ ಹಕ್ಕಿ ಊರೊಳಗೆ ಬೂರುಗ, ಮುತ್ತುಗ ಹೂಬಿಟ್ಟಾಗ ಜೇನಿಗೆ ಮುಗಿಬೀಳುತ್ತದೆ, ಆಲದ ಹಣ್ಣಿಗೆ ಸಂತೆ ನೆರೆಸುತ್ತದೆ. ಉತ್ತರದಿಂದ ಬರುವ ಉಲಿಯಕ್ಕಿ ಬೆರಳುದ್ದದ ಹಕ್ಕಿ. ಮಾವು, ಬೇವಿನ ಎಲೆಗಳ ನಡುವೆ ದಿನವಿಡೀ ಹುಳ ಹೆಕ್ಕುತ್ತದೆ. ಬಾಲ ಕುಣಿಸುವ ಕುಂಡೆಕುಸ್ಕಕ್ಕೆ ಒದ್ದೆ ನೆಲ ಬೇಕು. ಸಾವಿರಾರು ಮೈಲು ಹಾರಿ ಬಂದ ಇವುಗಳ ಪೈಕಿ ಒಂದಾದರೂ ಮಾಸ್ತರರ ಪ್ಲಾಸ್ಟಿಕ್ ಕೊಳವೆಯ ಕಡೆ ತಿರುಗಿ ನೋಡೀತೇ?

ಪಾರಿವಾಳಕ್ಕೆ ಯಾರ ಕಾರುಣ್ಯವೂ ಬೇಕಾಗಿಲ್ಲ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ 2000ದಿಂದ ಈಚೆಗೆ ದೇಶದಲ್ಲಿ ಪಾರಿವಾಳಗಳು ಶೇ. 150ಕ್ಕೂ ಹೆಚ್ಚು ಏರಿವೆ. ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಜಾತಿಗೆ ಅಪಾರ್ಟ್‌ಮೆಂಟಿನ ಎ.ಸಿ. ಡಬ್ಬಿಯ ಹಿಂಬದಿ ಸಿಕ್ಕರೆ ಸ್ವರ್ಗವೇ. ಅವುಗಳ ಒಣ ಹಿಕ್ಕೆ, ಗರಿಯ ಧೂಳು ಬಹುಕಾಲ ಉಸಿರಿನಲ್ಲಿ ಸೇರಿದರೆ ಕೆಲವರಿಗೆ ಶ್ವಾಸಕೋಶ ಬಾತು, ಕೊನೆಗೆ ಗಟ್ಟಿಯಾಗುವ ಕಾಯಿಲೆ ಬರುತ್ತದೆ. ಮುಂಬಯಿಯಲ್ಲಿ 2025ರಲ್ಲಿ ದಾದರಿನ ಕಬೂತರಖಾನೆ ಮುಚ್ಚಿದಾಗ ಎಷ್ಟು ಗದ್ದಲವಾಯಿತೆಂಬುದು ಗೊತ್ತೇ ಇದೆ. ಹಾಕಿದ್ದ ತಾಡಪತ್ರಿಯನ್ನು ಜನ ಕಿತ್ತೆಸೆದರು, ವಿಷಯ ಹೈಕೋರ್ಟಿನಲ್ಲಿ ನಿಂತಿತು. ಒಮ್ಮೆ ರೂಢಿಯಾದ ದಾಸೋಹ ನಿಲ್ಲಿಸೋದು ಅಷ್ಟು ಸುಲಭವಲ್ಲ. ಧಾರವಾಡದವರು ಅಲ್ಲಿಯ ತನಕ ಕಾಯಬೇಕೆ?

ಹಾಗಂತ ಹಕ್ಕಿಗೆ ಅನ್ನ ಹಾಕಬಾರದು ಎಂದಲ್ಲ. ಈ ಸೀಮೆಗೆ ಅದನ್ನು ಯಾರೂ ಹೊರಗಿಂದ ಕಲಿಸಬೇಕಾಗಿಲ್ಲ. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾಸಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಮತ್ತೇನು? ಭೂಮಿತಾಯಿಗೆ ಅಂತ ಚೆಲ್ಲಿದ್ದರಲ್ಲಿ ಇರುವೆಗೂ ಪಾಲು, ಗೊರವಂಕಕ್ಕೂ ಪಾಲು. ಆದರೆ ಅದು ವರ್ಷಕ್ಕೊಂದೆರಡು ದಿನ. ಉಳಿದ ದಿನ ಹೊಲವೇ ಹಕ್ಕಿಯನ್ನು ಸಾಕುತ್ತಿತ್ತು. ಹಳೇ ಮನೆಗಳ ಪಡಸಾಲೆಯ ತೊಲೆಗೆ ಜೋಳದ ತೆನೆ ಕಟ್ಟುತ್ತಿದ್ದರಲ್ಲ, ಅದರಲ್ಲೂ ಯುಕ್ತಿ ಇದೆ. ತೂಗಾಡುವ ತೆನೆಗೆ ಗುಬ್ಬಿ ಜೋತುಬಿದ್ದು ತಿನ್ನಬಲ್ಲದು, ಪಾರಿವಾಳದ ಭಾರಿ ಮೈಗೆ ಆ ಸರ್ಕಸ್ಸು ಸಾಧ್ಯವಿಲ್ಲ. ಕಾಳು ಹಾಕಲೇಬೇಕೆಂಬವರು ತೆನೆ ಕಟ್ಟಲಿ.

ಹಿತ್ತಲಿಗೆ ಬಗೆಬಗೆ ಹಕ್ಕಿ ಬರಬೇಕೆಂದರೆ ಮೊದಲು ನೀರು. ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು, ಒಂದಿಂಚು ನೀರು, ನಡುವೆ ಒಂದು ಕಲ್ಲು. ಬಕೀಟು ಇಟ್ಟರೆ ಸಣ್ಣ ಹಕ್ಕಿ ಮುಳುಗಿ ಸಾಯುತ್ತದೆ. ದಿನಾ ಬೆಳಿಗ್ಗೆ ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬಬೇಕು. ವಾರಗಟ್ಟಲೆ ಬಿಟ್ಟರೆ ಹಕ್ಕಿಗಿಂತ ಮುಂಚೆ ಡೆಂಗೀ ಸೊಳ್ಳೆ ಬರುತ್ತದೆ. ಬೆಕ್ಕು ಹೊಂಚುಹಾಕದ ಜಾಗ ನೋಡಿ ಇಡಬೇಕು. ಕಾಳಿನ ಹತ್ತಿರ ಸುಳಿಯದ ಉಲಿಯಕ್ಕಿಯೂ ನೀರಿಗೆ ಇಳಿಯುತ್ತದೆ.

ಆಮೇಲೆ ಗಿಡ. ಒಂದು ದಾಸವಾಳ, ಒಂದು ಬಾಳೆ, ಪಪ್ಪಾಯಿ, ಜಾಗವಿದ್ದರೆ ಗಸಗಸೆ ಹಣ್ಣಿನ ಮರ. ಉದುರಿದ ಎಲೆಯನ್ನು ಒಂದು ಮೂಲೆಯಲ್ಲಾದರೂ ಬಿಟ್ಟರೆ ಮಡಿವಾಳ ಹಕ್ಕಿಗೆ ಅದೇ ಮೃಷ್ಟಾನ್ನ. ಇದರಲ್ಲಿ ಖರ್ಚೇನೂ ಇಲ್ಲ. ಅದಕ್ಕೇ ಯಾರಿಗೂ ರುಚಿಸೋದಿಲ್ಲವೋ ಏನೋ! ಹಿತ್ತಲಿಗೆ ಫರಸಿ ಹಾಸಿ, ಮರ ಉರುಳಿಸಿ, ಆಮೇಲೆ ಪೇಟೆಯಿಂದ ಪ್ಲಾಸ್ಟಿಕ್ ಗೂಡು ತಂದು ಮೊಳೆ ಹೊಡೆಯುವುದು ಈಗಿನ ಪಕ್ಷಿಪ್ರೇಮ. ಸಾರ್ವಜನಿಕ ಉದ್ಯಾನಗಳ ಗತಿಯೂ ಭಿನ್ನವಲ್ಲ. ಹುಲ್ಲುಹಾಸು, ಸಿಮೆಂಟಿನ ಜಿಂಕೆ, ಹಣ್ಣೂ ಬಿಡದ ನೆರಳೂ ಕೊಡದ ಅಲಂಕಾರದ ಗಿಡ. ಕರೆಂಟಿನ ತಂತಿಯಿಂದ ದೂರ ಇರುವ ಒಂದು ಮೂಲೆಯಲ್ಲಿ ಅತ್ತಿ, ಬಸರಿ ನೆಟ್ಟರೆ ಪಾಲಿಕೆಗೆ ಏನು ನಷ್ಟ?

ಮಾಳಮಡ್ಡಿಯ ಮಾಸ್ತರರು ಕಡೆಗೆ ಕೊಳವೆ ಇಳಿಸಿದ್ದಾರೆ. ಕಾಕು ಮತ್ತೆ ಮಾತಾಡುತ್ತಿದ್ದಾರೆ. ಅಷ್ಟರಮಟ್ಟಿಗೆ ಸುಖಾಂತ. ಆದರೆ ಮಾಸ್ತರರ ಹಿತ್ತಲಿನ ಹಳೇ ಬಾವಿ ಪಕ್ಕ ಅವರ ಅಪ್ಪನ ಕಾಲದ ಅತ್ತಿ ಮರವೊಂದಿದೆ. ವರ್ಷದಲ್ಲಿ ಹಲವು ಸಲ ಕಾಂಡದ ತುಂಬ ಹಣ್ಣು ಕಚ್ಚುತ್ತದೆ. ಆಗೆಲ್ಲ ಪಿಕಳಾರ, ಕುಟುರ, ಕೋಗಿಲೆ, ಹೊನ್ನಕ್ಕಿ, ರಾತ್ರಿಯಾದರೆ ಬಾವಲಿ, ಹೀಗೆ ಮಗ ಹೇಳಿದ ಪಾಳಿ ಅಲ್ಲಿ ಮೊದಲಿಂದಲೂ ಹಚ್ಚಿಯೇ ಇತ್ತು. ಬರುವ ಬೇಸಿಗೆಗೆ ಊರಿಗೆ ಬರುವ ಮಗನಿಗೆ ಕಾರು ನಿಲ್ಲಿಸಲು ಜಾಗ ಬೇಕಂತೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ತೆಂಗಿನಂಥ ಕೆಲವು ಮರ ಬಿಟ್ಟರೆ, ಪಟ್ಟಣದಲ್ಲಿ ಸ್ವಂತ ಹಿತ್ತಲಿನ ಮರ ಕಡಿಯಲಿಕ್ಕೂ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಮಾಸ್ತರರು ಕಾಯ್ದೆ ಬಲ್ಲವರು, ಅರ್ಜಿ ಹಾಕಿದ್ದಾರೆ. ಕಾರಣದ ಕಾಲಮ್ಮಿನಲ್ಲಿ “ಹಣ್ಣು ಉದುರಿ ಹೊಲಸಾಗುತ್ತದೆ, ಹಕ್ಕಿಗಳ ಉಪದ್ರವ ಹೆಚ್ಚು” ಎಂದು ಬರೆದಿದ್ದಾರೆ.

ಅರ್ಜಿ ಇನ್ನೂ ಟೇಬಲ್ ಮೇಲೇ ಇದೆ. ಹಿಂದಕ್ಕೆ ತಗೊಳ್ಳಲಿಕ್ಕೆ ಇನ್ನೂ ಟೈಮ್ ಐತಿ, ಮಾಸ್ತರ್ರ.